ಮಾವನವರ ಹೆಸರಿನ ಕಂಪ್ಯೂಟರ್

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು.

ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು. ತಮಿಳುನಾಡಿಗೆ ಸೇರಿದ ನಮ್ಮ ಕನ್ನಡದ ತಾಳವಾಡಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇತ್ತು. ಜೆರಾಕ್ಸ್, ಟೈಪಿಂಗ್, ಲ್ಯಾಮಿನೇಷನ್ ಕೆಲಸದ ನಡುವೆ ಸುತ್ತಿನ ಊರುಗಳ ಕಂಪ್ಯೂಟರ್‌ಗಳನ್ನೂ ರಿಪೇರಿ ಮಾಡುತ್ತಿದ್ದೆ. ಹಾಗಂತ ನಾನೇನು ಇಂಜಿನಿಯರ್ ಅಲ್ಲ. ಈ ಬೆಟ್ಟದ ಮೇಲೆ ಆ ಕೆಲಸಕ್ಕೆ ಬೇರೆ ಯಾರೂ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ. ಯಾವ ಕಾಯಿಲೆಗೂ ನನ್ನ ಮದ್ದು ಒಂದೇ, ವಿಂಡೋಸ್ ಎಕ್ಸ್‌ಪಿ ಸಿಡಿ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದು. ಹತ್ತರಲ್ಲಿ ಒಂಬತ್ತು ಸಲ ಅದರಿಂದಲೇ ಕೆಲಸ ನಡೆದುಹೋಗುತ್ತಿತ್ತು. ಈಗ ಹೇಳುತ್ತಿರುವುದು ಹತ್ತನೆಯ ಸಲದ ಕತೆ.

ದೊಡ್ಡಗಾಜನೂರಿನಲ್ಲಿ ಒಬ್ಬ ಟೀಚರ್ ಇದ್ದರು. ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ವಿಜ್ಞಾನ, ಸಮಾಜ ಎರಡನ್ನೂ ಹೇಳಿಕೊಡುತ್ತಿದ್ದರು. ನಮ್ಮ ಕಡೆಯ ಕನ್ನಡದ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದರೆ ಓದಲು ಗೈಡು ಸಿಗುವುದಿಲ್ಲ. ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದರೆ ಅಂಗಡಿ ತುಂಬಾ ತಮಿಳು ಗೈಡು. ಗಡಿ ದಾಟಿ ಚಾಮರಾಜನಗರಕ್ಕೆ ಹೋದರೆ ಕನ್ನಡದ್ದೇನೋ ಸಿಗುತ್ತದೆ, ಪಾಠಗಳೇ ಬೇರೆ. ಹಾಗಾಗಿ ಟೀಚರ್ ತಾವೇ ಗೈಡು ಬರೆಯಲು ಕೂತಿದ್ದರು. ಎರಡು ವರ್ಷ ಸಂಜೆ ಹೊತ್ತು ಅಡುಗೆ ಮುಗಿಸಿ ಪಾಠಕ್ಕೊಂದರಂತೆ ಪ್ರಶ್ನೆ, ಉತ್ತರ, ಚಿತ್ರ ಎಲ್ಲವನ್ನೂ ಮನೆಯ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ್ದರು. ಮುಗಿದ ಮೇಲೆ ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿಸುವುದೆಂದು ಮಾತಾಗಿತ್ತು.

ಆ ವರ್ಷ ತರಗತಿಯಲ್ಲಿ ಇದ್ದದ್ದು ಹನ್ನೊಂದು ಮಕ್ಕಳು. ಶುಕ್ರವಾರ ಕೊನೆಯ ಕ್ಲಾಸು, ಆಮೇಲೆ ಓದಿಕೊಳ್ಳಲು ರಜೆ. ಜೀರಹಳ್ಳಿ ಆಚೆ ಕಾಡಿನೊಳಗಿನ ಹಾಡಿಯಿಂದ ಬರುವವರು ಇಬ್ಬರಿದ್ದರು. ರಜೆಗೆ ಹೋದರೆ ಮತ್ತೆ ಮುಖ ಕಾಣುವುದು ಪರೀಕ್ಷೆಯ ದಿನವೇ. ಏನು ಕೊಡುವುದಿದ್ದರೂ ಶುಕ್ರವಾರದೊಳಗೆ ಕೊಡಬೇಕು. ಕಂಪ್ಯೂಟರ್ ಕೈಕೊಟ್ಟದ್ದು ಮಂಗಳವಾರ. ಆನ್ ಮಾಡಿದರೆ ಅರ್ಧ ಬರುತ್ತದೆ, ತಾನೇ ಆರಿಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಟೀಚರ್ ರಜೆ ಹಾಕಿ ಕಾಯುತ್ತಿದ್ದರು. ಗಂಡ ಕೋಸಿನ ಲೋಡು ತೆಗೆದುಕೊಂಡು ಮೇಟ್ಟುಪಾಳ್ಯಕ್ಕೆ ಹೋಗಿದ್ದರು. ರಾತ್ರಿಯೆಲ್ಲ ಹೊಲದ ಅಟ್ಟಣೆಯಲ್ಲಿ ಆನೆ ಕಾದು ಬಂದಿದ್ದ ಮಾವ ಒಳಮನೆಯಲ್ಲಿ ಮಲಗಿದ್ದರು. ಜಗಲಿಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಅಣ್ಣ, ಏನ್ ಬೇಕಾರು ಮಾಡಿ. ನನ್ ನೋಟ್ಸು ಮಾತ್ರ ಓಗ್ಬಾರ್ದು" ಎಂದರು ಟೀಚರ್.

"ನೋಟ್ಸಿಗೆ ಏನೂ ಆಗಲ್ಲ ಟೀಚರೇ. ಫಾರ್ಮ್ಯಾಟ್ ಮಾಡಿ ಅಳಿಸಲ್ಲ, ಹಳೇದ್ರ ಮೇಲೇ ಹೊಸ್ದು ಹಾಕ್ತೀನಿ" ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ ಎಂದು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮುಕ್ಕಾಲು ಗಂಟೆಯಲ್ಲಿ ಇನ್‌ಸ್ಟಾಲ್ ಮುಗಿಯಿತು. ಕೊನೆಯಲ್ಲಿ, ಈ ಕಂಪ್ಯೂಟರ್ ಬಳಸುವವರ ಹೆಸರೇನು ಎಂದು ಅದು ಕೇಳಿತು.

"ಯಾವ ಹೆಸರು ಹಾಕ್ಲಿ?"

"ಮೊದಲಿದ್ದದ್ದೇ ಆಕಿ."

"ಮೊದಲು ಯಾವುದಿತ್ತು?"

ಟೀಚರ್ ಅತ್ತೆಯ ಕಡೆ ನೋಡಿದರು. ಅತ್ತೆ ಅವರೆಕಾಯಿಯ ಕಡೆ ನೋಡಿದರು. ಕೊನೆಗೆ ಟೀಚರ್ ಒಳಗೆ ಹೋಗಿ ರೇಷನ್ ಕಾರ್ಡ್ ತಂದು ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಮಾವನವರ ಹೆಸರು. ಆ ಮನೆಯಲ್ಲಿ ಏನು ಕೊಂಡರೂ ಹಿರಿಯರ ಹೆಸರಿಗೇ. ಟಿವಿ, ಮೋಟರು, ಗ್ಯಾಸು ಎಲ್ಲವೂ. ಕಂಪ್ಯೂಟರ್ ಬಂದ ದಿನ ಗಂಡ ಅದಕ್ಕೂ ಅಪ್ಪನ ಹೆಸರನ್ನೇ ಹಾಕಿಸಿದ್ದರಂತೆ. ಮಾವ ಒಂದು ದಿನವೂ ಅದರ ಮುಂದೆ ಕೂತವರಲ್ಲ. ಕೂರುವ ಸೊಸೆ ಮಾವನ ಹೆಸರು ಹೇಳುವ ಹಾಗಿಲ್ಲ, ಅತ್ತೆ ಗಂಡನ ಹೆಸರು ಹೇಳುವ ಹಾಗಿಲ್ಲ. ಅವರಿಬ್ಬರೂ ಹೇಳದ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅಂದು ಮಾತ್ರ ರೇಷನ್ ಕಾರ್ಡ್ ನೋಡಿಕೊಂಡು ಒಂದಕ್ಷರ ತಪ್ಪದಂತೆ ಟೈಪ್ ಮಾಡಿದೆ.

ಕಂಪ್ಯೂಟರ್ ಚೆನ್ನಾಗಿಯೇ ತೆರೆಯಿತು. ಆದರೆ ಮೈ ಡಾಕ್ಯುಮೆಂಟ್ಸ್ ಖಾಲಿ.

ಟೀಚರ್ ಮುಖ ಬಿಳಿಚಿತು. "ಇರಿ, ಹಳೇದು ಬೇರೆ ಕಡೆ ಇರ್ತದೆ" ಎಂದು ಸಿ ಡ್ರೈವ್ ತೆರೆದು ಹುಡುಕಿದೆ. ಇತ್ತು. ಮಾವನವರ ಹೆಸರಿನ ಫೋಲ್ಡರ್ ಒಂದಲ್ಲ, ಎರಡು ಇದ್ದವು. ಒಂದು ಬರೀ ಹೆಸರು. ಇನ್ನೊಂದರಲ್ಲಿ ಅದೇ ಹೆಸರಿನ ಹಿಂದೆ ಚುಕ್ಕಿ ಇಟ್ಟು ಕಂಪ್ಯೂಟರ್‌ನ ಹೆಸರು ಬಾಲದಂತೆ ಅಂಟಿಕೊಂಡಿತ್ತು. ಬಾಲ ಇದ್ದದ್ದು ಈಗ ನಾನು ಮಾಡಿದ್ದು, ಬಾಲವಿಲ್ಲದ್ದೇ ಹಳೆಯದು. ಗೆದ್ದೆ ಎಂದುಕೊಂಡು ಹಳೆಯದರ ಮೇಲೆ ಎರಡು ಸಲ ಒತ್ತಿದೆ.

ಆಕ್ಸೆಸ್ ಈಸ್ ಡಿನೈಡ್. ಒಳಗೆ ಬಿಡುವುದಿಲ್ಲ ಎಂದು ಅರ್ಥ.

ಮತ್ತೆ ಒತ್ತಿದೆ. ಅದೇ ಉತ್ತರ. ಬಲಗಡೆ ಬಟನ್ ಒತ್ತಿ ಪ್ರಾಪರ್ಟೀಸ್ ನೋಡಿದರೆ ಫೋಲ್ಡರ್‌ನ ಗಾತ್ರ ಸೊನ್ನೆ ಎಂದು ತೋರಿಸಿತು. ಯೂಸರ್ ಅಕೌಂಟ್ಸ್‌ಗೆ ಹೋಗಿ ನೋಡಿದೆ. ನಾನು ಮಾಡಿದ ಅಕೌಂಟು ಕಂಪ್ಯೂಟರ್ ಅಡ್ಮಿನಿಸ್ಟ್ರೇಟರ್ ಎಂದೇ ಇತ್ತು, ಅಂದರೆ ಈ ಯಂತ್ರಕ್ಕೆ ಪೂರ್ತಿ ಯಜಮಾನ. ಯಜಮಾನನಿಗೇ ಬಾಗಿಲು ತೆರೆಯುತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ.

"ಟೀಚರೇ, ಮೊದಲು ಇದಕ್ಕೆ ಪಾಸ್‌ವರ್ಡ್ ಏನಾದ್ರೂ ಇಟ್ಟಿದ್ರಾ?"

"ಊಂ. ನಮ್ ಮೈದುನನ ಮಕ್ಳು ಬಂದು ಗೇಮ್ ಆಡ್ತಾರೆ, ನೋಟ್ಸ್ ಕೆಡಿಸ್ಬುಡ್ತಾರೆ ಅಂತ. ಆಗ ಅದು ಏನೋ ಕೇಳ್ತು, ನಿಮ್ ಫೈಲೆಲ್ಲ ಪ್ರೈವೇಟ್ ಮಾಡ್ಲಾ ಅಂತ. ಮಾಡು ಅಂದಿದ್ದೆ."

ಅದನ್ನು ನಾನು ಇನ್‌ಸ್ಟಾಲ್ ಮಾಡುವ ಮೊದಲೇ ಕೇಳಬೇಕಿತ್ತು.

ಅವರ ಮನೆಯ ಫೋನಿನಿಂದಲೇ ಸತ್ಯಮಂಗಲದ ಒಬ್ಬ ಸ್ನೇಹಿತನಿಗೆ ಮಾಡಿದೆ. ಅವನದು ನನಗಿಂತ ದೊಡ್ಡ ಅಂಗಡಿ. ಎಲ್ಲ ಕೇಳಿಸಿಕೊಂಡು ಅವನು ತಮಿಳಿನಲ್ಲಿ ತಣ್ಣಗೆ ಹೇಳಿದ: ಪ್ರೈವೇಟ್ ಮಾಡಿದ್ದರೆ ಮುಗಿಯಿತು, ಬೀಗದ ಕೈ ಹಳೆಯ ವಿಂಡೋಸ್ ಜೊತೆಯಲ್ಲೇ ಹೋಯಿತು, ಇನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ ಅಳಿದದ್ದನ್ನು ಹುಡುಕಿ ತೆಗೆಯುವ ರಿಕವರಿ ಸಿಡಿ ಓಡಿಸು, ಸಿಕ್ಕಿದಷ್ಟು ಸಿಗಲಿ. ಆ ಸಿಡಿ ನನ್ನ ಚೀಲದಲ್ಲೇ ಇತ್ತು.

ಫೋನ್ ಇಟ್ಟು ಬಂದು ಕೂತೆ. ಫಾರ್ಮ್ಯಾಟ್ ಮಾಡಲು ಮನಸ್ಸು ಬರಲಿಲ್ಲ. ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಡಿಸ್ಕ್ ತುಂಬಿರುವುದು ಎಷ್ಟು, ಕಣ್ಣಿಗೆ ಕಾಣುವ ಫೋಲ್ಡರ್‌ಗಳೆಲ್ಲ ಸೇರಿ ಎಷ್ಟು ಎಂದು ಒಂದೊಂದನ್ನೇ ಕೂಡಿಸಿದೆ. ಎರಡು ಸಲ ಕೂಡಿಸಿದರೂ ಸುಮಾರು ಒಂದೂವರೆ ಜಿ.ಬಿ. ಲೆಕ್ಕಕ್ಕೆ ಸಿಗಲಿಲ್ಲ. ಅಂದರೆ ಅಷ್ಟು ಸಾಮಾನು ಒಳಗೆಲ್ಲೋ ಇದೆ, ಸೊನ್ನೆ ಎಂದದ್ದು ಸುಳ್ಳು. ಆದರೆ ಇದ್ದರೇನು ಬಂತು, ತೆರೆಯುವುದು ಹೇಗೆ? ಗಂಟೆ ಹನ್ನೆರಡಾಗುತ್ತಿತ್ತು. ಕಡೆಗೆ ರಿಕವರಿ ಸಿಡಿಯನ್ನು ಕೈಗೆ ತೆಗೆದುಕೊಂಡೆ. ಅದನ್ನು ಡ್ರೈವಿನಲ್ಲಿ ಇಡಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು.

ಮಾಮೂಲು ಕರೆಂಟು ಅದು. ಹನ್ನೆರಡಕ್ಕೆ ಹೋದರೆ ಎರಡಕ್ಕೆ ಬರುವುದು. ಆ ದಿನ ಅದನ್ನು ನಾನು ಬೈದುಕೊಂಡೆ. ಆಮೇಲೆ ಎಂದೂ ಬೈದಿಲ್ಲ.

"ಅಣ್ಣ, ನಿಜ ಯೋಳಿ. ಓಯ್ತಾ?" ಎಂದರು ಟೀಚರ್.

ಕರೆಂಟಿನ ಮೇಲೆ, ವೈರಸ್ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು. ಆ ಹೆಣ್ಣುಮಗಳ ಮುಖ ನೋಡಿ ಬಾಯಿ ಬರಲಿಲ್ಲ. "ಹೋಗಿಲ್ಲ ಟೀಚರೇ, ಒಳಗೇ ಅದೆ. ಆದ್ರೆ ನನ್ನ ತಪ್ಪಿಂದ ಬಾಗ್ಲು ಮುಚ್ಕೊಂಡದೆ. ಮೊದ್ಲೇ ಡಿಸ್ಕ್ ಬಿಚ್ಚಿ ನನ್ ಅಂಗಡಿ ಕಂಪ್ಯೂಟರಿಗೆ ಹಾಕಿ ನಿಮ್ ನೋಟ್ಸ್‌ನ ಒಂದು ಸಿಡಿಗೆ ಇಳಿಸ್ಕೊಂಡು ಆಮೇಲೆ ಕೈ ಹಾಕ್ಬೇಕಿತ್ತು. ಇಳಿಸ್ಕೊಳ್ಲಿಲ್ಲ" ಎಂದೆ. ಅವರು ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅತ್ತೆ ಊಟಕ್ಕೆ ಎಬ್ಬಿಸಿದರು. ರಾಗಿ ಮುದ್ದೆ, ಅವರೆಕಾಳಿನ ಸಾರು. ಮುದ್ದೆ ಮುರಿಯುತ್ತಾ ಕೂತಿದ್ದ ನನ್ನನ್ನು ನೋಡಿ ಕೇಳಿದರು.

"ಏನ್ ಮಗ, ಗಂಟ್ಲಲ್ಲಿ ಇಳೀತಿಲ್ವಲ್ಲ. ಏನಾಗದ ಅದ್ಕ?"

ಅವರಿಗೆ ಹೇಗೆ ಹೇಳುವುದು? ತಿಳಿದ ಹಾಗೆ ಹೇಳಿದೆ. "ದೊಡ್ಡವ್ವ, ಹಳೇ ಕಂಪ್ಯೂಟರಲ್ಲಿ ನಿಮ್ ಯಜಮಾನರ ಹೆಸರಲ್ಲಿ ಒಂದು ಕೋಣೆ ಇತ್ತು. ಟೀಚರ್ ಬರೆದದ್ದೆಲ್ಲ ಅದರೊಳಗೆ. ಈಗ ನಾನು ಹೊಸದಾಗಿ ಮಾಡ್ದೆ, ಅದೇ ಹೆಸರನ್ನೇ ಇಟ್ಟೆ, ಒಂದಕ್ಷರ ವ್ಯತ್ಯಾಸ ಇಲ್ಲ. ಆದ್ರೂ ಆ ಕೋಣೆ ಬಾಗ್ಲು ತೆಗೀತಿಲ್ಲ."

ಅತ್ತೆ ನಕ್ಕುಬಿಟ್ಟರು.

"ಅದೆಂಗ ತಗೀತದ? ಎಸ್ರು ಒಂದಾದ್ರ ಆಳು ಒಂದಾಯ್ತದಾ? ನಮ್ ಒಲದ ಕತೆನೂ ಇದೇ ಅಲ್ವಾ."

ಆ ಮನೆಯಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಡೆದುಬಂದ ಪದ್ಧತಿ. ಯಜಮಾನರ ತಾತನ ಹೆಸರೂ ಅದೇ, ಯಜಮಾನರದೂ ಅದೇ. ಹೊಲದ ಪಟ್ಟಾ, ಅಂದರೆ ಒಡೆತನದ ಪತ್ರ, ಇದ್ದದ್ದು ತಾತನ ಹೆಸರಿನಲ್ಲಿ. ಇಂಥ ಪತ್ರಗಳನ್ನು ನೋಡುವ ಊರಿನ ಅಧಿಕಾರಿಗೆ ನಮ್ಮ ಕಡೆ ವಿ.ಎ.ಓ. ಅನ್ನುತ್ತಾರೆ.

"ತಾತ ಓದ್ ಮ್ಯಾಲ ಪಟ್ಟಾ ಬದ್ಲಾಯ್ಸನೇ ಇಲ್ಲ. ಮಗನ್ ಎಸ್ರೂ ಅದೇ ತಾನೇ ಅದ, ಇನ್ಯಾಕ ತಾಲೂಕಾಫೀಸ್ಗ ಅಲೀಬೇಕು ಅಂತ ನಮ್ ಮಾವ ಸುಮ್ಕಿದ್ರು, ಇವ್ರೂ ಸುಮ್ಕಿದ್ರು. ಬಾವಿಗ ಕರೆಂಟ್ ಸರ್ವೀಸ್ ಕೇಳಕ ಓದಾಗ ವಿ.ಎ.ಓ. ಪಟ್ಟಾ ನೋಡ್ದ. ಇದ್ರಲ್ಲಿ ಎಸ್ರು ನಿಂದೇ, ಆದ್ರ ಅಪ್ಪನ ಎಸ್ರು ಬೇರ ಅದ. ಈ ಆಸಾಮಿ ಬೇರ, ನೀನೇ ಬೇರ. ಓಗಿ ಪಟ್ಟಾ ಮಾರುದಲ್ ಮಾಡಿಸ್ಕ, ನಿಂದು ಅಂತ ಬದ್ಲಾಯ್ಸ್ಕ ಬಾ ಅಂದ್ಬುಟ್ಟ. ಇವ್ರು ಮೂರ್ ತಿಂಗ್ಳು ಅಲೆದ್ರು ಕಣಪ್ಪ."

"ಆಮೇಲೆ?"

"ಆಮ್ಯಾಲೇನು, ಆಯ್ತು. ಒಲ ಎಲ್ಗೂ ಓಗಿರ್ಲಿಲ್ಲ, ಇದ್ದ ಕಡ್ಗೇ ಇತ್ತು. ನಮ್ದು ಅಂತ ಬರ್ಸ್ಬೇಕಾಗಿತ್ತು, ಅಷ್ಟೇಯ."

ಮುದ್ದೆ ಕೈಯಲ್ಲೇ ಇತ್ತು. ನಾನು ಈ ತನಕ ಹೆಸರು ಸರಿಯಾಗಿದ್ದರೆ ಸಾಕು ಎಂದೇ ನಂಬಿದ್ದೆ. ಯಂತ್ರ ಹೆಸರನ್ನು ನೋಡುತ್ತಲೇ ಇಲ್ಲ, ವಿ.ಎ.ಓ. ಥರ ಅದರ ಹಿಂದೆ ಇನ್ನೇನನ್ನೋ ನೋಡುತ್ತಿದೆ. ಹಾಗಿದ್ದರೆ ಬಾಗಿಲು ಒಡೆಯಬೇಕಿಲ್ಲ, ಮನೆಯನ್ನೇ ಕೆಡವಬೇಕಿಲ್ಲ. ಪಟ್ಟಾ ಬದಲಾಯಿಸುವ ಕಚೇರಿ ಅದರೊಳಗೇ ಎಲ್ಲೋ ಇರಬೇಕು. ಕೈ ತೊಳೆದು ಬಂದವನೇ ರಿಕವರಿ ಸಿಡಿಯನ್ನು ಚೀಲದೊಳಗೆ ಹಾಕಿ ಜಿಪ್ ಎಳೆದೆ. ಫಾರ್ಮ್ಯಾಟ್ ಮಾಡುವುದಿಲ್ಲ ಎಂದು ಟೀಚರಿಗೂ ಹೇಳಿದೆ. ಹೇಳಿದ್ದು ಅವರಿಗಿಂತ ಹೆಚ್ಚಾಗಿ ನನಗೇ.

ಎರಡು ಗಂಟೆಗೆ ಕರೆಂಟು ಬಂತು.

ಮೊದಲು ಹೊಳೆದದ್ದು ಸೇಫ್ ಮೋಡ್. ಯಂತ್ರದ ಮುಖ್ಯ ಭಾಗಗಳಷ್ಟೇ ಎದ್ದೇಳುವ ಆ ವಿಧಾನವನ್ನು ವೈರಸ್ ತೆಗೆಯಲು ಬಳಸುತ್ತಿದ್ದೆ. ಅಲ್ಲಿ ಹೋದಾಗ ಮಾತ್ರ ಅಡ್ಮಿನಿಸ್ಟ್ರೇಟರ್ ಎಂಬ ಇನ್ನೊಂದು ಅಕೌಂಟು ಕಾಣಿಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೆ, ಅದು ಯಾಕಿದೆ ಎಂದು ಯೋಚಿಸಿರಲಿಲ್ಲ. ಕಂಪ್ಯೂಟರ್ ಆನ್ ಮಾಡಿ ಎಫ್ ಎಂಟನ್ನು ಒತ್ತುತ್ತಾ ಹೋದೆ. ಕಪ್ಪು ಪರದೆ, ನಾಲ್ಕು ಮೂಲೆಯಲ್ಲೂ ಸೇಫ್ ಮೋಡ್ ಎಂಬ ಬರಹ. ಅಡ್ಮಿನಿಸ್ಟ್ರೇಟರ್ ಆಗಿ ಒಳಹೊಕ್ಕೆ. ಹಳೆಯ ಫೋಲ್ಡರ್‌ನ ಮೇಲೆ ಬಲಗಡೆ ಒತ್ತಿ ಪ್ರಾಪರ್ಟೀಸ್ ತೆರೆದರೆ ಬೆಳಿಗ್ಗೆ ಇಲ್ಲದ ಒಂದು ಹೊಸ ಪುಟ ಅಲ್ಲಿತ್ತು. ಸೆಕ್ಯುರಿಟಿ. ಮನೆ ಬಳಕೆಯ ಎಕ್ಸ್‌ಪಿಯಲ್ಲಿ ಆ ಪುಟ ಸೇಫ್ ಮೋಡ್‌ನಲ್ಲಲ್ಲದೆ ಕಾಣುವುದಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತೇ.

ಅದನ್ನು ಒತ್ತಿದ ಕೂಡಲೇ ಒಂದು ಎಚ್ಚರಿಕೆ ಬಂತು. ಇಂಗ್ಲಿಷಿನಲ್ಲಿ ಎರಡು ಉದ್ದದ ಸಾಲು. ಇಂಥವನ್ನು ಓದದೆ ಓಕೆ ಒತ್ತುವುದು ನನ್ನ ಹುಟ್ಟುಗುಣ. ಆ ದಿನ ಮಾತ್ರ ಬೆರಳಿಟ್ಟು ಓದಿದೆ. ಈ ಫೋಲ್ಡರ್‌ನ ಅನುಮತಿಗಳನ್ನು ನೋಡಲು, ತಿದ್ದಲು ನಿನಗೆ ಹಕ್ಕಿಲ್ಲ; ಆದರೆ ಇದರ ಒಡೆತನವನ್ನು ನೀನು ತೆಗೆದುಕೊಳ್ಳಬಹುದು. ಹೆಚ್ಚು ಕಡಿಮೆ ಅತ್ತೆ ಹೇಳಿದ ಮಾತೇ. ನನಗೆ ನಗು ಬಂತು, ಕಣ್ಣೂ ಮಂಜಾಯಿತು.

ಅಡ್ವಾನ್ಸ್ಡ್ ಒತ್ತಿ, ಅದರಲ್ಲಿ ಓನರ್ ಎಂಬ ಪುಟಕ್ಕೆ ಹೋದೆ. ಈಗಿನ ಒಡೆಯ ಯಾರೆಂದು ತೋರಿಸಲಾಗುವುದಿಲ್ಲ ಎಂದಿತ್ತು. ಕೆಳಗೆ ಹೊಸ ಒಡೆಯನನ್ನು ಆರಿಸಲು ಪಟ್ಟಿ. ಅಡ್ಮಿನಿಸ್ಟ್ರೇಟರ್ ಆರಿಸಿದೆ. ಅದರ ಕೆಳಗೆ ಒಂದು ಸಣ್ಣ ಚೌಕ, ಒಳಗಿನ ಫೋಲ್ಡರ್, ಫೈಲುಗಳ ಒಡೆತನವನ್ನೂ ಬದಲಿಸಲೇ ಎಂದು. ಅದಕ್ಕೂ ಗುರುತು ಹಾಕಿದೆ. ಇದನ್ನು ಬಿಟ್ಟರೆ ಹೊರಬಾಗಿಲು ತೆರೆದು ಒಳಬಾಗಿಲು ಮುಚ್ಚಿದ ಹಾಗಾಗುತ್ತದೆ. ಓಕೆ ಒತ್ತಿದೆ. ಪೂರ್ತಿ ಹಕ್ಕು ನಿನಗೇ ಬರುವಂತೆ ಅನುಮತಿಗಳನ್ನು ಬದಲಿಸಲೇ ಎಂದು ಇನ್ನೊಮ್ಮೆ ಕೇಳಿತು. ಹೌದು ಎಂದೆ.

ಒಂದು ಪುಟ್ಟ ಪೆಟ್ಟಿಗೆಯೊಳಗೆ ಫೈಲುಗಳ ಹೆಸರು ಸರಸರನೆ ಓಡತೊಡಗಿದವು. ಟೀಚರ್ ನನ್ನ ಹೆಗಲ ಹಿಂದೆ ಬಗ್ಗಿ ನಿಂತಿದ್ದರು.

"ಅಗೋ, ಪಾಠ ನಾಕು. ಬೆಳಕು. ಅದು ನಂದೇ" ಎಂದರು ಮೆಲ್ಲಗೆ.

ಓಟ ನಿಂತ ಮೇಲೆ ಫೋಲ್ಡರ್ ತೆರೆದೆ. ತೆರೆಯಿತು. ಪಾಠ ಒಂದರಿಂದ ಕೊನೆಯವರೆಗೆ ಎಲ್ಲವೂ ಸಾಲಾಗಿ ಕೂತಿದ್ದವು. ಟೀಚರ್ ಒಂದೊಂದನ್ನೇ ತೆರೆದು ಕೊನೆಯ ಸಾಲಿನವರೆಗೂ ನೋಡಿ ಮುಚ್ಚಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಅನುಮತಿಯ ಪಟ್ಟಿಯನ್ನು ಅಲ್ಲೇ ಸರಿಪಡಿಸಿ, ಮಾಮೂಲಿನಂತೆ ಮತ್ತೆ ಆನ್ ಮಾಡಿ, ಮೊದಲ ಕೆಲಸವೆಂದು ಎರಡು ಸಿಡಿಗೆ ಎಲ್ಲ ಪಾಠಗಳನ್ನು ಇಳಿಸಿದೆ. ಒಂದನ್ನು ಅವರ ಕೈಗೆ ಕೊಟ್ಟು ಒಂದನ್ನು ನನ್ನ ಜೇಬಿಗೆ ಹಾಕಿಕೊಂಡೆ.

ಇನ್ನೊಂದು ಕೆಲಸ ಉಳಿದಿತ್ತು. ಅಡ್ಮಿನಿಸ್ಟ್ರೇಟರ್ ಅಂದರೆ ವಿ.ಎ.ಓ. ಇದ್ದಂತೆ, ಹೊಲ ಅವನ ಹೆಸರಿನಲ್ಲಿ ಇರುವ ಹಾಗಿಲ್ಲ. ದಿನಾ ಕೂರುವವರ ಹೆಸರಿಗೆ ಮಾಡಿಕೊಡಬೇಕು. ಅಷ್ಟು ಹೊತ್ತಿಗೆ ಯಜಮಾನರು ಎದ್ದು ಮುಖ ತೊಳೆದು ಜಗಲಿಗೆ ಬಂದಿದ್ದರು. ಅತ್ತೆ ಆಗಲೇ ಅವರಿಗೆ ಎಲ್ಲ ವರದಿ ಒಪ್ಪಿಸಿದ್ದರು.

"ಯಜಮಾನ್ರೇ, ಇದನ್ನ ಮತ್ತೆ ನಿಮ್ ಹೆಸರಿಗೇ ಮಾಡ್ಲಾ?" ಎಂದೆ.

ಅವರು ಟವಲಿನಿಂದ ಕಿವಿ ಒರೆಸಿಕೊಂಡರು. "ನಾನು ಅದ ಒಂದಿನ್ವಾರು ಮುಟ್ಟಿದ್ದೀನಾ? ಉತ್ತೋರು ಒಬ್ರು, ಪಟ್ಟಾ ಒಬ್ರುದು. ಅದ್ಕೇಯ ಈ ತರ್ಲೆ ಎಲ್ಲ. ಅವಳ ಎಸ್ರಿಗ ಮಾಡ್ಬುಡು."

"ಬ್ಯಾಡಿ ಮಾವ" ಎಂದರು ಟೀಚರ್.

"ಸುಮ್ನಿರವ್ವ. ನನ್ ಎಸ್ರು ಆಕಿ ಇವ್ರಿಬ್ರೂ ಬಾಯ್ಬುಡಕ ಆಗ್ದಂಗ ಯಾಕ ಮಾಡಿಯೆ?" ಎಂದು ನನ್ನ ಕಡೆ ತಿರುಗಿ ನಕ್ಕರು.

ಹೊಸ ಅಕೌಂಟಿನ ಹೆಸರು ಬರೆಯುವ ಜಾಗಕ್ಕೆ ತಂದು ಕೀಬೋರ್ಡನ್ನು ಟೀಚರ್ ಕಡೆ ಸರಿಸಿದೆ. ಎರಡು ವರ್ಷ ಅದರ ಮೇಲೆ ಸಾವಿರಾರು ಪದ ಒತ್ತಿದ ಕೈ, ತನ್ನ ಹೆಸರಿಗೆ ಬಂದಾಗ ಒಂದೊಂದೇ ಅಕ್ಷರ ಹುಡುಕಿ ಒತ್ತಿತು. ಮತ್ತೊಮ್ಮೆ ಸೇಫ್ ಮೋಡ್‌ಗೆ ಹೋಗಿ, ಆ ಹೆಸರಿನಲ್ಲೇ ಒಳಹೊಕ್ಕು, ಫೋಲ್ಡರ್‌ನ ಒಡೆತನ ಬರೆಸಿದೆ. ಈಗ ಒಡೆಯರ ಜಾಗದಲ್ಲಿ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ಪಾಸ್‌ವರ್ಡ್ ಬೇಕೆಂದು ಅವರೇ ಕೇಳಿದರು, ಮೈದುನನ ಮಕ್ಕಳು ಇದ್ದೇ ಇದ್ದರಲ್ಲ. ಹಾಕಿದ ಮೇಲೆ ಯಂತ್ರ ತನ್ನ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿತು: ನಿಮ್ಮ ಫೈಲುಗಳನ್ನು ಪ್ರೈವೇಟ್ ಮಾಡಲೇ?

ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಬೇಡ ಎಂಬುದನ್ನು ಒತ್ತಿದ್ದರು.

"ಯಾರೆಸ್ರು ಬಂತು ಮಗ?" ಎಂದು ಅತ್ತೆ ಬಾಗಿಲಿನಿಂದ ಕೇಳಿದರು. ಓದಿ ಹೇಳಿದೆ. ಅವರು ಆ ಹೆಸರನ್ನು ಬಾಯಿತುಂಬಾ ಒಂದು ಸಲ ಹೇಳಿ ನೋಡಿದರು. ಆಮೇಲೆ, "ನೀ ಅಲ್ಲೇ ಕೂತ್ಕಂಡು ನಿನ್ ಕೆಲ್ಸ ಮಾಡು. ಕಾಪಿ ನಾ ಕಾಯಿಸ್ತೀನಿ" ಎಂದು ಒಳಗೆ ಹೋದರು.

ಗುರುವಾರವೆಲ್ಲ ನನ್ನ ಅಂಗಡಿಯ ಪ್ರಿಂಟರ್ ಓಡಿತು. ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಟೀಚರ್ ಬಂದಾಗ ಹನ್ನೊಂದು ಕಟ್ಟು ಪಿನ್ ಹೊಡೆದು ದಾರ ಕಟ್ಟಿ ಇಟ್ಟಿದ್ದೆ. ಅವರು ಎಣಿಸಿ ನೋಡಿ, ಇನ್ನೊಂದು ಬೇಕಿತ್ತಲ್ಲಣ್ಣ ಎಂದರು.

"ಮಕ್ಳು ಹನ್ನೊಂದಲ್ವಾ?"

"ಮಕ್ಳು ಅನ್ನೊಂದೇ. ಇನ್ನೊಂದು ನಮ್ಮತ್ತೆಗೆ. ಕಾಗದದಲ್ಲೂ ಒಂದು ಇರ್ಲಿ ಅಂದ್ರು. ಒಲದ ಪಟ್ಟಾ ಇರೋ ಪೆಟ್ಟಿಗೇಲಿ ಇಡ್ತಾರಂತೆ."